ಒಂದೇ ಸಲ ಕೇಳುವ ಕಾಲೇಜು

ಮೊದಲೇ ಹೇಳಿಬಿಡುತ್ತೇನೆ: ಆ ಕಾಲೇಜಿನಲ್ಲಿ ಮೊದಲ ದಿನ ನನಗೆ ಚಹಾ ಸಿಗಲಿಲ್ಲ. ಆದ್ದರಿಂದ ಮುಂದಿನ ಮಾತುಗಳಲ್ಲಿ ಕಹಿ ಕಂಡರೆ ನೀವು ಅದನ್ನು ನನ್ನ ಬರಿಹೊಟ್ಟೆಯ ಲೆಕ್ಕಕ್ಕೆ ಹಾಕಿಕೊಳ್ಳಬಹುದು. ಯಾರೂ ಕೇಳಲಿಲ್ಲ ಎಂದಲ್ಲ. ಕೋಆರ್ಡಿನೇಟರ್ ಎಂಬ ಹುದ್ದೆಯ ಹೆಣ್ಣುಮಗಳೊಬ್ಬಳು ಟ್ರೇ ಹಿಡಿದು ಬಂದು "ಟೀ, ಮ್ಯಾಮ್?" ಅಂದಳು. "ಬ್ಯಾಡವಾ, ಈಗ ಕುಡದ ಬಂದೇನಿ" ಅಂದೆ. ಕುಡಿದಿರಲಿಲ್ಲ. ಹಾನಗಲ್ಲಿನಲ್ಲಿ ಬೆಳೆದವರು ಯಾರೇ ಆದರೂ ಹಾಗೆಯೇ ಅನ್ನುತ್ತಾರೆ. ಅದು ಉತ್ತರವಲ್ಲ, ಮಾತಿನ ಪೀಠಿಕೆ. ಆಕೆ "ಓಕೆ" ಎಂದು ಟ್ರೇ ಸಮೇತ ಹೋಗಿಬಿಟ್ಟಳು.

ಚಿಕ್ಕವಳಿದ್ದಾಗ ಕಾನ್ವೆಂಟಿನಲ್ಲೂ ನನಗೆ ಹೀಗೇ ಆಗಿತ್ತು. ಕ್ರಿಸ್‌ಮಸ್ಸಿಗೆ ಸಿಸ್ಟರ್ ಪ್ಲಮ್ ಕೇಕ್ ಹಿಡಿದು ಬಂದಾಗ, ಅವ್ವ ಕಲಿಸಿದ ಮರ್ಯಾದೆಯನ್ನು ಇಂಗ್ಲಿಷಿಗೆ ತಿರುಗಿಸಿ "ನೋ ಥ್ಯಾಂಕ್ ಯೂ, ಸಿಸ್ಟರ್" ಅಂದಿದ್ದೆ. ಕೇಕು ಪಕ್ಕದ ಬೆಂಚಿಗೆ ಹೋಯಿತು. ಹೋಗುತ್ತಿದ್ದ ಆ ಕೇಕಿನ ಬೆನ್ನು ಈ ವಯಸ್ಸಿನಲ್ಲೂ ನನಗೆ ಕಾಣುತ್ತದೆ.

ಕಾಲೇಜು ಶಿಗ್ಗಾಂವಿ ದಾಟಿದ ಮೇಲೆ ಹೈವೇ ಪಕ್ಕದಲ್ಲಿದೆ. ಅರ್ಜಿ ಹಾಕಿದವರಲ್ಲಿ ಬಹುತೇಕರನ್ನು ಬಾಗಿಲಿನಿಂದಲೇ ಹಿಂದೆ ಕಳಿಸುವುದು ಅದರ ಹೆಗ್ಗಳಿಕೆ. ಮುಚ್ಚಿದ ಬಾಗಿಲಿಗೆ ಈಗ 'ಎಕ್ಸಲೆನ್ಸ್' ಅನ್ನುತ್ತಾರೆ. ನಿವೃತ್ತ ಇಂಗ್ಲಿಷ್ ಟೀಚರ್ ಎಂಬ ಕಾರಣಕ್ಕೆ ಇಂಟರ್‌ವ್ಯೂ ಮಾಡಲು ನನ್ನನ್ನೂ ಕರೆದಿದ್ದರು. "ಈ ಸಲದ ಬ್ಯಾಚ್ ಒಂದು ಮೊಸಾಯಿಕ್ ಆಗಬೇಕು ಮೇಡಂ, ಎಲ್ಲಾ ತಾಲೂಕಿನವರೂ ಇರಬೇಕು" ಎಂದರು ಡೈರೆಕ್ಟರ್. ಬಚ್ಚಲಮನೆಗೆ ಟೈಲ್ಸ್ ಆರಿಸುವವರ ಉತ್ಸಾಹ ಅವರ ಮುಖದಲ್ಲಿತ್ತು.

ತಾಲೂಕುಗಳು ಒಂದೊಂದಾಗಿ ಒಳಗೆ ಬಂದವು. ಹಿರೇಕೆರೂರು ತಾಲೂಕು ಎಂದರೆ ಚಿಕ್ಕೇರೂರಿನ ವಿಳಾಸವಿಟ್ಟುಕೊಂಡು ಮೈಸೂರಿನಲ್ಲಿ ಬೆಳೆದ, ಕುದುರೆ ಸವಾರಿ ಬಲ್ಲ ತರುಣ. 'ಮೈ ರೂಟ್ಸ್' ಎಂದು ಪ್ರಬಂಧ ಬರೆದಿದ್ದ. ಬೇರಿನ ವಿಷಯ ಬಂತಲ್ಲ ಎಂದು "ನಿಮ್ಮ ಹೊಲದಾಗ ಏನ್ ಬೆಳೀತಾರಪಾ?" ಎಂದು ಕೇಳಿದೆ.

"ಆರ್ಗ್ಯಾನಿಕ್, ಮ್ಯಾಮ್."

ಡೈರೆಕ್ಟರ್ ತಲೆದೂಗಿದರು. ಹಿರೇಕೆರೂರಿನ ಟೈಲು ಕೂತಿತು.

ಸವಣೂರಿನ ಪಾಲಿಗೆ ಬಂದವಳು ಹತ್ತಿಮತ್ತೂರಿನ ರೇಣುಕಾ. ಬೆಳಿಗ್ಗೆ ವರಾಂಡದಲ್ಲಿ ನನ್ನ ಪಕ್ಕ ಕೂತು, ನಾನು ಯಾರೆಂದು ತಿಳಿಯದೆ ಎಲ್ಲ ಹೇಳಿಕೊಂಡಿದ್ದಳು. "ಸೀಟ್ ಸಿಕ್ಕರ ಓದ್ತೇನ್ರಿ, ಇಲ್ಲಂದ್ರ ಸ್ವಾದರಮಾವನ ಜೋಡಿ ಲಗ್ನ ಮಾಡ್ತಾರ. ಅಂವಾ ಚಲೋ ಅದಾನ್ರಿ, ಆದ್ರ ನನ್ನ ಎತ್ತಿ ಆಡ್ಸ್ಯಾನ!" ಎಂದು ನಕ್ಕಿದ್ದಳು. ಆ ನಗೆಯಲ್ಲಿ ನಗುವಂಥದ್ದೇನೂ ಇರಲಿಲ್ಲ.

ಒಳಗೆ ಲೆಕ್ಕ, ವಿಜ್ಞಾನ ಎಲ್ಲವನ್ನೂ ಪಟಪಟ ಹೇಳಿದಳು. ಕೊನೆಗೆ ಡೈರೆಕ್ಟರ್ ಕೇಳಿದರು: "ಈ ಸೀಟು ನಿನಗೆ ಕೊಟ್ಟರೆ ತಗೊಳ್ತೀಯಾ?"

ರೇಣುಕಾ ತಲೆ ತಗ್ಗಿಸಿದಳು. "ಬ್ಯಾಡ್ರಿ ಸರ್. ನನಕ್ಕಿಂತ ಶಾಣ್ಯಾರು ಭಾಳ ಮಂದಿ ಬಂದಾರ, ಅವರಿಗೆ ಕೊಡ್ರಿ."

ಡೈರೆಕ್ಟರ್ 'ಲೋ ಮೋಟಿವೇಶನ್' ಎಂದು ಬರೆದು, "ನೆಕ್ಸ್ಟ್" ಅಂದರು.

"ಸರ್, ಇನ್ನೊಮ್ಮೆ ಕೇಳ್ರಿ" ಅಂದೆ.

"ಮೇಡಂ, ಶಿ ಸೆಡ್ ನೋ."

"ಶಿ ಹ್ಯಾಸ್ ಓನ್ಲಿ ಬಿಗನ್, ಸರ್."

ಸವಣೂರು ನವಾಬರ ಆಳ್ವಿಕೆ ಕಂಡ ಊರು. ಅಲ್ಲಿನ ವೀಳ್ಯದೆಲೆಗೆ ಎಷ್ಟು ಹೆಸರೋ, ಕೊಟ್ಟ ಎಲೆಯನ್ನು ಒತ್ತಾಯವಿಲ್ಲದೆ ಮುಟ್ಟದವರ ಮರ್ಯಾದೆಗೂ ಅಷ್ಟೇ ಹೆಸರಿರಬೇಕಿತ್ತು. ಕೊಡುವವರು ಒತ್ತಾಯ ಮಾಡಬೇಕು, ತೆಗೆದುಕೊಳ್ಳುವವರು ಹಿಂಜರಿಯಬೇಕು. ಇದನ್ನೆಲ್ಲ ಪವರ್‌ಪಾಯಿಂಟಿನಲ್ಲಿ ತೋರಿಸುವಷ್ಟು ಪುರುಸೊತ್ತು ಇರಲಿಲ್ಲ. ನಾನೇ ಶುರು ಮಾಡಿದೆ.

"ತೊಗೋವಾ, ಅಷ್ಟ ದೂರದಿಂದ ಬಂದೀದಿ."

"ಇರ್ಲಿ ಬಿಡ್ರಿ ಅಕ್ಕೋರ." ನಾನು ಟೀಚರ್ ಎಂದು ಅಷ್ಟರಲ್ಲಿ ಆಕೆಗೆ ಗೊತ್ತಾಗಿತ್ತು.

ಡೈರೆಕ್ಟರ್ ನನ್ನ ಕಡೆ ಕನಿಕರದಿಂದ ನೋಡಿದರು.

"ಹಂಗ ಅನಬ್ಯಾಡ. ನೀ ಬ್ಯಾಡಂದ್ರ ನನಗ ಬ್ಯಾಸರ ಆಗ್ತದ ನೋಡು."

ಆಕೆ ತಲೆ ಎತ್ತಿದಳು. ಕಣ್ಣು ತುಂಬಿತ್ತು. "ನೀವು ಇಷ್ಟ ಹೇಳಾಕತ್ತೀರಿ ಅಂದ್ರ... ತೊಗೋತೇನ್ರಿ. ಖರೇ ಅಂದ್ರ ನನಗ ಬೇಕೇ ಬೇಕ್ರಿ."

ಡೈರೆಕ್ಟರ್ ಬರೆದದ್ದನ್ನು ಹೊಡೆದುಹಾಕಿದರು. ಅರ್ಥವಾಗಿ ಅಲ್ಲ, ಸವಣೂರಿನ ಟೈಲಿನ ಜಾಗ ಇನ್ನೂ ಖಾಲಿ ಇತ್ತು.

ಕಾಲೇಜು ಶುರುವಾದ ದಿನ ನನ್ನನ್ನು ಮತ್ತೆ ಕರೆದರು. ತೆರೆಯ ಮೇಲೆ ಹೊಸ ಬ್ಯಾಚಿನ ಪೈ ಚಾರ್ಟನ್ನು ಕತ್ತರಿಸಿದ ಕೇಕಿನಂತೆ ತೋರಿಸಿದರು. 'ರೂರಲ್' ಎಂಬ ಹಸಿರು ತುಂಡಿನೊಳಗೆ ರೇಣುಕಾಳೂ ಕುದುರೆ ಸವಾರನೂ ಒತ್ತಿಕೊಂಡು ಕೂತಿದ್ದರು. ಎಲ್ಲರೂ ಚಪ್ಪಾಳೆ ಹೊಡೆದರು. ಹತ್ತಿಮತ್ತೂರು ಎಲ್ಲಿದೆ ಎಂದು ಅಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ.

ಅತಿಥಿಗಳಿಗೆ ಹೊಸ ವಿದ್ಯಾರ್ಥಿಗಳೇ ಚಹಾ ಕೊಡುತ್ತಿದ್ದರು. ನನ್ನ ಮುಂದೆ ಟ್ರೇ ಹಿಡಿದು ನಿಂತವಳು, ಯೂನಿಫಾರ್ಮಿನ ಕೋಟು ತೊಟ್ಟ ರೇಣುಕಾ.

"ಟೀ, ಮ್ಯಾಮ್?"

ನಾಲಿಗೆಗೆ ಬುದ್ಧಿ ಎಲ್ಲಿಂದ ಬರಬೇಕು? "ಬ್ಯಾಡವಾ" ಅಂದೆ.

"ಓಕೆ, ಮ್ಯಾಮ್" ಎಂದು ಮುಂದೆ ಹೋದಳು. ಪ್ಲಮ್ ಕೇಕಿನ ಬೆನ್ನು ಮತ್ತೆ ಕಂಡಿತು. ಇಷ್ಟು ಬೇಗ ಕಲಿಸಿಬಿಟ್ಟರಲ್ಲ, ಎಕ್ಸಲೆನ್ಸ್ ಅಂದರೆ ಇದೇ ಇರಬೇಕು ಎಂದು ನಾನು ಮನಸ್ಸಿನಲ್ಲೇ ಮುಖ ಸಿಂಡರಿಸುವಷ್ಟರಲ್ಲಿ ಆಕೆ ಗರಕ್ಕನೆ ತಿರುಗಿ ಬಂದಳು. ಡೈರೆಕ್ಟರ್ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಅಕ್ಕೋರ, ಒತ್ತಾಯ ಮಾಡ್ಕೋಂತ ನಿಂತ್ರ ಚಾ ಆರಿಹೋಗ್ತೈತ್ರಿ. ಸುಮ್ನ ಹಿಡೀರಿ."

ಹಿಡಿದೆ. ಸಕ್ಕರೆ ಇರಲಿಲ್ಲ. ಬಹಳ ಸೆಲೆಕ್ಟಿವ್ ಕಾಲೇಜು ನೋಡಿ. ಸಕ್ಕರೆ ಇನ್ನೂ ವೇಟಿಂಗ್ ಲಿಸ್ಟಿನಲ್ಲಿತ್ತೋ ಏನೋ.