ಯೋಹಾನಪ್ಪ ಮಾಸ್ತರರ ಪೆಟ್ಟಿಗೆ

ಜೇವರ್ಗಿಯ ಯೋಹಾನಪ್ಪ ಮಾಸ್ತರರು ಸಾಯಲು ಎಷ್ಟು ತಯಾರಾಗಿದ್ದಾರೆಂದರೆ, ಸೊಸೆ ಪ್ರೇಮಲತಾಳಿಗೆ ಬದುಕುವುದೇ ಕಷ್ಟವಾಗಿದೆ. ತಮ್ಮ ಅಳತೆಗೆ ಮಾಡಿಸಿದ ಶವಪೆಟ್ಟಿಗೆಯನ್ನು ಪಡಸಾಲೆಯಲ್ಲೇ ಇಟ್ಟಿದ್ದಾರೆ. ಬಂದ ಬೀಗರು ಗೊತ್ತಿಲ್ಲದೆ ಅದರ ಮೇಲೆಯೇ ಕುಳಿತು ಚಹಾ ಕುಡಿಯುತ್ತಾರೆ. ಮಾಸ್ತರರು ಪ್ರತಿ ರವಿವಾರ ಚರ್ಚಿನಿಂದ ಬಂದವರೇ ಅದರೊಳಗೆ ಮಲಗಿ, "ಕರ್ತ ಯಾವಾಗ ಕರೀತಾನೋ ಗೊತ್ತಿಲ್ಲವ್ವ, ಕಾಲು ಸರಿ ಹಿಡಸ್ತಾವೇನು ನೋಡು" ಎನ್ನುತ್ತಾರೆ. "ಮೊದಲ ಎದ್ದು ಊಟಾ ಮಾಡ್ರಿ ಮಾಮಾ, ರೊಟ್ಟಿ ಆರಾಕತ್ತಾವ" ಎಂದು ಅವಳು ಸಿಡುಕುತ್ತಾಳೆ. ಸಂಜೆ ಮಾಸ್ತರರು ಓಣಿ ಸುತ್ತಿ, ಮೂವತ್ತು ವರ್ಷದ ಹಿಂದೆ ತಾವು ಹೊಡೆದ ಶಿಷ್ಯರನ್ನೆಲ್ಲ ಹಿಡಿದು ಕ್ಷಮೆ ಕೇಳುತ್ತಾರೆ. ಈಗ ಆ ಶಿಷ್ಯರು ಅವರನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾರೆ. ಇಷ್ಟಾಗಿ ಆ ಪೆಟ್ಟಿಗೆಯಾದರೂ ಮನೆಯಲ್ಲಿ ನಿಲ್ಲುತ್ತದೆಯೇ? ಚರ್ಚಿನ ಸಭೆಯಲ್ಲಿ ಯಾವ ಬಡವರು ತೀರಿಕೊಂಡರೂ ಮಾಸ್ತರರು, "ಪಾಪ, ಅವರು ತಯಾರಿದ್ದಿಲ್ಲ" ಎಂದು ಅದನ್ನು ಹೊರಿಸಿ ಕಳಿಸಿಬಿಟ್ಟು, ತಮಗೆ ಮತ್ತೊಂದು ಮಾಡಿಸುತ್ತಾರೆ. ಮೊನ್ನೆ ಕಬ್ಬು ಕಡಿಯುವ ಸಂಜೀವಪ್ಪನ ಜೊತೆ ನಾಲ್ಕನೆಯ ಪೆಟ್ಟಿಗೆಯೂ ಮಣ್ಣಿಗೆ ಹೋಯಿತು. ಬರಿದಾದ ಪಡಸಾಲೆಯನ್ನು ಗೊಣಗುತ್ತಲೇ ಗುಡಿಸಿದ ಪ್ರೇಮಲತಾ, ಬಡಗಿ ಶಹಬಾಜನ ಅಂಗಡಿಗೆ ತಾನೇ ಹೋದಳು: "ಈ ಸಲ ಎರಡು ಮಾಡ್ರಿ ಭಾಯಿ. ನಮ್ಮ ಮಾಮಾಂದು ಅಂತ ಒಂದಾರ ಉಳೀಲಿ."