ಹಸ್ಕಿಯ ಉಣ್ಣೆ

ಮೊದಲಿನ ನಾಯಿ ಹೇಗೆ ಸತ್ತಿತು ಎಂಬುದೇ ಆ ಹೆಂಗಸು ಫೋನಿನಲ್ಲಿ ನನ್ನನ್ನು ಕೇಳಿದ ಮೊದಲ ಮಾತು.

ಪುಣೆಯಾಚೆ, ಘಟ್ಟದ ಮೇಲಿನ ಒಂದು ತಂಪು ಊರಿನಲ್ಲಿ ಅವರು ಸೈಬೀರಿಯನ್ ಹಸ್ಕಿ ಸಾಕುತ್ತಾರೆ. ಹಿಮದ ಮೇಲೆ ಬಂಡಿ ಎಳೆಯುವ ಜಾತಿಯ ನಾಯಿ ಅದು. ವರ್ಷಕ್ಕೊಮ್ಮೆಯೂ ಮರಿ ಮಾಡಿಸುವುದಿಲ್ಲ, ಕೇಳಿದವರಿಗೆಲ್ಲ ಕೊಡುವುದೂ ಇಲ್ಲ. ಅವರ ತವರು ಆಳಂದದ ಕಡೆ. ನಾನು ಊರ ಹೆಸರು ಹೇಳಿದ ಕೂಡಲೇ ಅವರ ಹಿಂದಿ ನಿಂತು ನಮ್ಮ ಮಾತು ಬಂತು. "ನಿಮ್ಮ ಕಡಿ ಬಿಸಿಲು ನನಗ ಗೊತ್ತದವ್ವಾ. ಅದಕ್ಕ ಕೇಳಾಕತ್ತೇನಿ. ಹ್ಯಾಂಗ ಸತ್ತಿತು?"

ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಆಮೇಲೆ, ಇದನ್ನು ಅಪ್ಪನ ಮುಂದೆ ಮಾತ್ರ ಎತ್ತಬೇಡಿ ಎಂದು ಕೇಳಿಕೊಂಡೆ. ಅವರ ಉತ್ತರ ನೇರವಾಗಿತ್ತು. "ನಾನಾಗಿ ಎತ್ತಂಗಿಲ್ಲ. ಆದ್ರ ಅವರು ಕೇಳಿದ್ರ ಸುಳ್ಳು ಹೇಳಂಗಿಲ್ಲ. ನನ್ನ ಮರಿ ಒಯ್ಯೋರಿಗೆ ನನಗ ಸುಳ್ಳು ಹೇಳಾಕ ಬರಂಗಿಲ್ಲ."

ಆ ಮೊದಲ ನಾಯಿಯನ್ನು ನಾವು ಆರಿಸಿದ್ದಲ್ಲ. ನಮ್ಮೂರು ಆಳಂದ ತಾಲೂಕಿನಲ್ಲೇ, ಕಡಗಂಚಿಗೆ ಹತ್ತಿರ. ರಸ್ತೆ ಕೆಲಸಕ್ಕೆ ಬಂದಿದ್ದ ಇಂಜಿನಿಯರೊಬ್ಬರು ವರ್ಗವಾದಾಗ ಅದನ್ನು ನಮ್ಮ ಹೊಲದ ಮನೆಯಲ್ಲಿ ಬಿಟ್ಟು ಹೋದರು. ದೀಪಾವಳಿ ಮುಗಿದು ಥಂಡಿ ಶುರುವಾಗಿತ್ತು. ಅದೂ ಹಸ್ಕಿಯೇ, ನೀಲಿ ಕಣ್ಣು, ಬೂದು ಬೆನ್ನು, ಬಿಳಿ ಹೊಟ್ಟೆ. ಅಜ್ಜನ ಕಾಲದವರೆಗೂ ನಮ್ಮದು ಕುರಿ ಕಾಯುವ ಮನೆ. ಅಪ್ಪನೂ ಹರೆಯದವರೆಗೆ ಕುರಿಗಳ ಹಿಂದೆಯೇ ಇದ್ದವನು. ಆಮೇಲೆ ಕುರಿ ಮಾರಿ ತೊಗರಿ ಬಿತ್ತತೊಡಗಿದ. ಅಂಥ ಮನೆಗೆ ಇಂಥ ನಾಯಿ ಬಂದದ್ದಕ್ಕಿಂತ ದೊಡ್ಡ ತಮಾಷೆ ಊರವರಿಗೆ ಸಿಕ್ಕಿರಲಿಲ್ಲ.

"ಏನ್ ಕಾಕಾ, ಕುರಿ ಕಾಯೋರ ಮನ್ಯಾಗ ತೋಳ ಕಟ್ಟೀರಿ?"

"ಕುರಿ ಮಾರಿ ಭಾಳ ದಿನ ಆತಲೇ. ಇನ್ನ ನಿನ್ನನ್ನ ತಿನ್ನಬೇಕು ಅದು."

ನಾನು ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ ಜೇವರ್ಗಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ವಾರದ ಕೊನೆಗೆ ಮನೆಗೆ ಬಂದಾಗಲೆಲ್ಲ ಅಪ್ಪ ಕಟ್ಟೆಯ ಮೇಲೆ, ಅದು ಅವನ ಪಾದದ ಮೇಲೆ. ಅದು ಬೊಗಳುವುದು ಕಡಿಮೆ. ಗೋಳಿಡುವಂತೆ ಉದ್ದಕ್ಕೆ ರಾಗ ಎಳೆಯುತ್ತಿತ್ತು, ಅಪ್ಪ ಅದಕ್ಕೆ ಉತ್ತರ ಕೊಡುತ್ತಿದ್ದ. "ನನ್ನ ಜೋಡಿ ಇಷ್ಟು ಮಾತಾಡಿದ್ರ ನಾ ಉದ್ಧಾರ ಆಗ್ತಿದ್ದೆ," ಎಂದು ಅವ್ವ ಒಳಗಿನಿಂದ ಹೇಳುವಳು.

ಶಿವರಾತ್ರಿ ಕಳೆದ ಮೇಲೆ ಬಿಸಿಲು ಏರಿತು. ಅದು ನಾಲಿಗೆ ಚಾಚಿ ತೇಕತೊಡಗಿತು. ಬಿಸಿಲು ಬಂದರೆ ಉಣ್ಣೆ ಇಳಿಸಬೇಕು ಎಂಬುದು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಕಲಿಸುವ ಮಾತಲ್ಲ, ಉಸಿರಿನಷ್ಟು ಸಹಜ. ಅಪ್ಪ ಅಟ್ಟದಿಂದ ಅಜ್ಜನ ಕತ್ತರಿ ಇಳಿಸಿ ಮಸೆದ. ಹೊಲದ ತೊಟ್ಟಿಯಲ್ಲಿ ನಾಯಿಯ ಮೈ ತೊಳೆದು, ಒಣಗಿಸಿ, ಕುರಿಯನ್ನು ಮಲಗಿಸುವಂತೆ ತೊಡೆಗೆ ಒರಗಿಸಿಕೊಂಡು ಹೊಟ್ಟೆಯಿಂದ ಶುರು ಮಾಡಿದನಂತೆ. ಅವ್ವ ಹೇಳುತ್ತಾಳೆ, ಅದು ಒಮ್ಮೆಯೂ ಮಿಸುಕಲಿಲ್ಲ, ಎಲ್ಲಿಯೂ ಕತ್ತರಿ ತಾಗಲಿಲ್ಲ. ಕೊನೆಗೆ ಗುಲಾಬಿ ಬಣ್ಣದ ತೊಗಲಿಗೆ ಎಣ್ಣೆ, ಅರಿಶಿನ ಸವರಿದ. ಹಗುರಾದ ಮೈಯಲ್ಲಿ ಅದು ಅಂಗಳ ಸುತ್ತಿ ಸುತ್ತಿ ಓಡಿತು. ಉಣ್ಣೆಯನ್ನು ಅಪ್ಪ ಹಳೆಯ ಪಂಚೆಯಲ್ಲಿ ಗಂಟು ಕಟ್ಟಿಟ್ಟ, ಕಂಬಳಿಗೆ ಸೇರಿಸಬಹುದೆಂದು.

ಅದು ಬಿದ್ದದ್ದು ಮೇ ತಿಂಗಳಲ್ಲಿ, ಬೇವಿನ ಮರದ ನೆರಳಿನಲ್ಲೇ. ನಾನು ರಜೆಗೆ ಬಂದಿದ್ದೆ. ಆಟೋದಲ್ಲಿ ಹಾಕಿಕೊಂಡು ಆಳಂದದ ಪಶು ಆಸ್ಪತ್ರೆಗೆ ಒಯ್ದೆವು. ಹೋಗುವಷ್ಟರಲ್ಲಿ ಅದರ ಕಣ್ಣು ತಿರುಗಿತ್ತು. ಅಪ್ಪ ನೀರು ತರಲು ಹೊರಗೆ ಓಡಿದಾಗ ಡಾಕ್ಟರು ನನಗೆ ಮೆಲ್ಲಗೆ ಹೇಳಿದರು, "ಇದನ್ನ ಬೋಳಿಸಬಾರದಿತ್ತು. ಎರಡು ಪದರದ ಕೂದಲು ಇದಕ್ಕೆ. ಅದೇ ಬಿಸಿಲು ತಡೀತಿತ್ತು." ಅಪ್ಪ ಕೊಡ ತುಂಬ ನೀರು ಹೊತ್ತು ಒಳಗೆ ಬಂದ. ಅದು ಆಗಲೇ ಹೋಗಿತ್ತು. ಆದರೂ ಅವನು ಆ ನೀರನ್ನೆಲ್ಲ ನಿಧಾನವಾಗಿ ಅದರ ಮೈಮೇಲೆ ಸುರಿದ. ಅದನ್ನು ನೋಡಿದ ಮೇಲೆ ನನಗೆ ಹೇಳಲಾಗಲಿಲ್ಲ.

ಒಂದು ಮಳೆಗಾಲ ಕಳೆಯಿತು. ಅಪ್ಪ ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟ. ಬೇರೆ ನಾಯಿ ತರೋಣ, ನಮ್ಮ ಹವೆಗೆ ಹೊಂದುವಂಥದ್ದು ಎಂದೆ. ಬೇಡವೆಂದು ತಲೆಯಾಡಿಸಿದ. "ಅಂಥಾದೇ ಬೇಕು. ಈ ಸಲ ಛಲೋ ನೋಡ್ಕೋತೇನಿ." ತೊಗರಿ ಇಡುವ ದಪ್ಪ ಗೋಡೆಯ ಕೋಣೆಯನ್ನು ಖಾಲಿ ಮಾಡಿ ಕೂಲರ್ ಕೂರಿಸಿದ, ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿದ. ಅವನು ಹಾಗೆ ಕೆಲಸ ಮಾಡುವುದನ್ನು ಎಷ್ಟೋ ತಿಂಗಳ ಮೇಲೆ ನೋಡುತ್ತಿದ್ದೆ. ಹೀಗಾಗಿ ಎಲ್ಲ ಕಡೆ ವಿಚಾರಿಸಿ ಆ ಹೆಂಗಸಿಗೆ ಫೋನ್ ಮಾಡಿದ್ದೆ. ಕರೆಂಟ್ ಹೋದರೆ ಏನು ಮಾಡುತ್ತೀರಿ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಓಡಾಡಿಸುವುದು ಎಷ್ಟೊತ್ತಿಗೆ, ಸಾಕಲಾಗದಿದ್ದರೆ ಬೇರೆಯವರಿಗೆ ದಾಟಿಸದೆ ನನಗೇ ವಾಪಸ್ ಕೊಡುತ್ತೀರಾ ಎಂದೆಲ್ಲ ಕೇಳಿದರು. ಕೊನೆಗೆ, "ಬಂದು ಹೋಗ್ರಿ. ಮರಿ ಕೊಡ್ತೇನಿ ಅಂತ ಮಾತು ಕೊಡಂಗಿಲ್ಲ," ಎಂದರು.

ಅಪ್ಪ ಹೊಸ ಧೋತರ ಉಟ್ಟು ಹೊರಟ. ಮಹಾರಾಷ್ಟ್ರದ ಗಡಿಯ ಖಜೂರಿ ದಾಟುವಾಗ, "ಬರೂ ಮುಂದ ಇದು ತೊಡಿ ಮ್ಯಾಲ ಇರ್ತದ, ಇದರ ಮ್ಯಾಲ ಮರಿ," ಎಂದು ಹೆಗಲ ಮೇಲಿನ ಟವೆಲ್ಲನ್ನು ತೊಡೆಯ ಮೇಲೆ ಹಾಸಿ ನೋಡಿಕೊಂಡ.

ಅವರ ಮನೆಯಲ್ಲಿ ಮೊದಲು ತಾಯಿ ನಾಯಿ ಬಂದು ನಮ್ಮನ್ನು ಮೂಸಿತು. ಅದು ಒಪ್ಪಿದ ಮೇಲೆಯೇ ಮರಿಗಳಿದ್ದ ಕೋಣೆಯ ಬಾಗಿಲು ತೆರೆದರು. ತಂದೆ ತಾಯಿ ಎರಡರದೂ ಕಣ್ಣು, ಸೊಂಟ ಪರೀಕ್ಷೆ ಮಾಡಿಸಿದ ಕಾಗದಗಳನ್ನು ನಾನು ಓದುತ್ತಿದ್ದೆ. ಅಪ್ಪ ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಿ ಕುಳಿತಿದ್ದ. ಉಳಿದ ಮರಿಗಳು ನನ್ನ ಚಪ್ಪಲಿ ಎಳೆಯುವಾಗ ಒಂದು ಮಾತ್ರ ದೂರ ಕುಳಿತು ಅವನನ್ನು ನೋಡಿತು, ಒಂದು ಕಿವಿ ಇನ್ನೂ ಮಡಚಿಕೊಂಡೇ ಇತ್ತು. ಅಪ್ಪ ಕರೆಯಲಿಲ್ಲ. ಅದಾಗಿ ಬಂದು ಅವನ ಪಾದದ ಮೇಲೆ ಮಲಗಿತು.

"ಇದನ್ನ ನಾನೂ ನಿಮಗಂತನ ಅನ್ಕೊಂಡಿದ್ದೆ," ಎಂದರು ಅವರು. ಅವರ ಮುಖ ಸಡಿಲಾಗಿತ್ತು. ನನಗೆ ಆಗಿದ್ದು ಸಂತೋಷವೋ ಭಯವೋ ತಿಳಿಯಲಿಲ್ಲ.

ಅಪ್ಪ ಮರಿಯ ಬೆನ್ನಿನ ಕೂದಲಲ್ಲಿ ಬೆರಳು ಇಳಿಸಿ ಆಳ ನೋಡಿದ. ಉಣ್ಣೆ ನೋಡುವವರು ಹಾಗೆಯೇ ನೋಡುವುದು. ಆಮೇಲೆ ತುಂಬ ವಿನಯದಿಂದ ಕೇಳಿದ, "ಅಕ್ಕಾರ, ಒಂದು ಮಾತು. ಹೋದ ಸಲ ಶಿವರಾತ್ರಿ ಆದ ಮ್ಯಾಲ ಕತ್ತರಿಸಿದ್ದೆ. ತಡಾ ಆತು ಅನಸ್ತದ. ಈ ಸಲ ಸಂಕ್ರಾಂತಿಗೇ ಉಣ್ಣಿ ಇಳಿಸಿದ್ರ ಹ್ಯಾಂಗ್ರಿ?"

ಅವರು ನನ್ನ ಕಡೆ ನೋಡಿದರು. ನಾನು ಕಾಗದ ಮಡಚಿದೆ.

"ಕತ್ತರಿಸಬಾರದ್ರಿ ಅಣ್ಣಾ, ಇವಕ್ಕ."

"ಬ್ಯಾಸಗ್ಯಾಗೂ?"

"ಬ್ಯಾಸಗ್ಯಾಗಂತೂ ಬ್ಯಾಡೇ ಬ್ಯಾಡ್ರಿ. ಆ ಕೂದಲೇ ಅದಕ್ಕ ನೆರಳು."

ಅಪ್ಪನ ಕೈ ಮರಿಯ ಬೆನ್ನ ಮೇಲೆ ಹಾಗೇ ನಿಂತಿತು. ಆಮೇಲೆ ನನ್ನತ್ತ ತಿರುಗಿದ. "ನಿನಗ ಗೊತ್ತಿತ್ತೇನು ಬೇ?"

"ಹ್ಞೂಂ."

"ಯಾವಾಗಿಂದ?"

"ಡಾಕ್ಟರ್ ಹೇಳಿದ್ರು. ನೀ ನೀರು ತರಾಕ ಹೋದಾಗ."

ಅವನು ತಲೆಯಾಡಿಸಿದ. ಎರಡೂ ಕೈಯಿಂದ ಮರಿಯನ್ನು ಎತ್ತಿ, ತಾಯಿಯ ಮುಂದೆ ಮೆಲ್ಲಗೆ ಇಳಿಸಿ ಎದ್ದು ನಿಂತ. "ಇದು ಇಲ್ಲೇ ಇರಲಿ ಅಕ್ಕಾರ. ಅದರ ಅವ್ವ ನನ್ನ ಮಾರಿ ನೋಡಾಕತ್ತದ."

"ಗೊತ್ತಿಲ್ಲದ ಆಗಿದ್ದು ಅದು ಅಣ್ಣಾ," ಎಂದರು ಅವರು.

"ಹೌದ್ರಿ," ಎಂದ ಅಪ್ಪ. "ಅದು ಮಿಸುಕಲೇ ಇಲ್ರಿ. ನನ್ನ ನಂಬಿ ಮಲಗಿತ್ತು."

ವಾಪಸ್ ಬರುವಾಗ ಟವೆಲ್ ಅವನ ಹೆಗಲ ಮೇಲೆಯೇ ಇತ್ತು. ಖಜೂರಿಯಲ್ಲಿ ಲಾರಿಗಳ ಸಾಲಿನ ಪಕ್ಕ ಚಹಾ ಕುಡಿದೆವು. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಕೂಲರ್ ತೆಗೆದ, ತೊಗರಿ ಚೀಲಗಳನ್ನು ಕೋಣೆಗೆ ತಿರುಗಿ ಹಾಕಿದ. ಉಣ್ಣೆಯ ಗಂಟು ಅಟ್ಟದ ಮೇಲೆ ಇನ್ನೂ ಇದೆ. ಅವ್ವ ಅದನ್ನು ಮುಟ್ಟುವುದಿಲ್ಲ.

ಈ ವರ್ಷ ಬಿಸಿಲು ಏರಿದಾಗ ಪಕ್ಕದ ಹೊಲದವರು ಎಂದಿನಂತೆ ಅಪ್ಪನನ್ನು ಕುರಿಗಳ ಉಣ್ಣೆ ಇಳಿಸಲು ಕರೆದರು. ಅವನ ಕೈಗೆ ಊರಲ್ಲಿ ಹೆಸರಿದೆ. ನಾನು ಚಹಾ ತೆಗೆದುಕೊಂಡು ಹೋದಾಗ ಕುರಿಯೊಂದು ಅವನ ತೊಡೆಗೆ ಒರಗಿ ಸುಮ್ಮನೆ ಮಲಗಿತ್ತು. ಕತ್ತರಿ ಹಿಡಿದ ಕೈ ಮಾತ್ರ ಮೇಲೆಯೇ ಇತ್ತು.

"ಕುರಿಗೆ ಸರಿ ಅದ ಅಲ್ಲ ಬೇ, ಇದು?"

"ಸರಿ ಅದ ಅಪ್ಪಾ. ಕುರಿಗೆ ಸರಿನ ಅದ."

ಅವನು ನನ್ನ ಮುಖವನ್ನೇ ನೋಡಿದ. "ಖರೆ ಹೇಳಾಕತ್ತಿ ಅಲ್ಲ?"

ಖರೆ ಎಂದೆ. ಮತ್ತೊಮ್ಮೆ ಎಂದೆ. ಅವನು ಕತ್ತರಿಯನ್ನು ಪಕ್ಕದವನ ಕೈಗೆ ಕೊಟ್ಟು, ಕುರಿಯ ತಲೆಯನ್ನು ತೊಡೆಯಿಂದ ಮೆಲ್ಲಗೆ ಇಳಿಸಿದ.