ಹೊಗೆ ಕಾಣದ ಬಚ್ಚಲುಮನೆ

ನಿನ್ನೆ ಹಾನುಬಾಳಿನ ಹತ್ತಿರ ನೆಂಟರ ಮನೆಯಲ್ಲಿ ಉಳಿದು, ಇವತ್ತು ಬೆಳಿಗ್ಗೆ ಕುಂದೂರಿನ ಪಕ್ಕದ ನಮ್ಮೂರಿಗೆ ವಾಪಸ್ಸಾದೆ. ಬ್ಯಾಗು ಬಿಚ್ಚಿದರೆ ಟವೆಲ್ಲಿನಿಂದ ಸೌದೆ ಹೊಗೆಯ ವಾಸನೆ. ಒಂದು ಕಾಲಕ್ಕೆ ನನ್ನ ಮೈಯೂ ಹೀಗೇ ನಾರುತ್ತಿತ್ತು. ಹಾಸನದ ಕಾಲೇಜಿನಲ್ಲಿ ಪಕ್ಕ ಕೂತವನು, "ನಿಮ್ಮನೇಲಿ ನಿನ್ನನ್ನೂ ಒಲೆ ಮೇಲೆ ಒಣಗಿಸ್ತಾರೇನೋ?" ಎಂದು ಕೇಳಿದ್ದ. ಆಗ ಸಿಟ್ಟು ಬಂದಿತ್ತು. ಇವತ್ತು ಟವೆಲ್ಲನ್ನು ಮೂಗಿಗೆ ಹಿಡಿದು, ಸುಳ್ಳೇಕೆ ಹೇಳಲಿ, ಸ್ವಲ್ಪ ಹೊತ್ತು ಸುಖಪಟ್ಟೆ.

ನಮ್ಮ ಕಡೆ ಬಂದವರಿಗೆ ಕಾಫಿಗಿಂತ ಮೊದಲು ಸಿಗುವುದು ಬಿಸಿನೀರು. ತೋಟದಿಂದ ಬಂದವರು, ಜೀಪು ಕೆಟ್ಟು ನಿಂತವರು, ಸುಮ್ಮನೆ ಮಾತಾಡಿಸಲು ಬಂದವರು, ಯಾರೇ ಆಗಲಿ, ಬಚ್ಚಲಲ್ಲಿ ಹಂಡೆ ಕಾದೇ ಇರಬೇಕು. ಒಲೆ ಆರಿದರೆ ಮನೆಯ ಮಾನ ಹೋದಂತೆ. ಆ ಮಾನ ಕಾಯುವ ಕೆಲಸ ನನ್ನ ಅತ್ತಿಗೆಯ ಪಾಲಿಗೆ ಬಂದಿತ್ತು. ನಾನಿನ್ನೂ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾಗ ಅಣ್ಣನ ಕೈಹಿಡಿದು ಬಂದವರು ಅವರು. ಅಂದಿನಿಂದ ನಮ್ಮೆಲ್ಲರ ಬೆನ್ನಿಗೆ ಬಿದ್ದ ಬಿಸಿನೀರು ಅವರು ಊದಿ ಊದಿ ಕಾಯಿಸಿದ್ದು.

ಕೆಲವು ವರ್ಷಗಳ ಕೆಳಗೆ ಅತ್ತಿಗೆಗೆ ಕೆಮ್ಮು ಹಿಡಿಯಿತು. ನಾಲ್ಕು ಮೆಟ್ಟಿಲು ಹತ್ತಿದರೆ ಉಬ್ಬಸ. ಆಲೂರಿನ ಡಾಕ್ಟರು ಹೊಗೆಯ ಹತ್ತಿರ ಸುಳಿಯಲೇಬೇಡಿ, ಎದೆ ಪೂರ್ತಿ ಕೆಡುತ್ತದೆ ಎಂದರು. ಮನೆಗೆ ಬಂದವರೇ ಅತ್ತಿಗೆ ಮತ್ತೆ ಒಲೆ ಮುಂದೆ ಕೂತರು. ಬೇಡವೆಂದರೆ, "ಬಂದೋರಿಗೆ ತಣ್ಣೀರು ಕೊಡಕ್ಕಾಯ್ತದೇನೋ?" ಎಂದು ನನಗೇ ಗದರಿದರು.

ನಾನು ಓದಿದವನಲ್ಲವೇ? ನೀರು ಕಾಯಿಸುವ ಸೋಲಾರ್ ತಂದೆ. ತಂದವನು ಎಲ್ಲಿ ಹಾಕಿಸಿದೆ ಕೇಳಿ: ಬಸ್ಸಿನಲ್ಲಿ ಹೋಗುವವರಿಗೆಲ್ಲ ಕಾಣಲಿ ಎಂದು ಮನೆಯ ಮುಂಭಾಗದ ಮಾಡಿನ ಮೇಲೆ, ಮೂರು ಸಿಲ್ವರ್ ಓಕ್ ಮರಗಳ ದಟ್ಟ ನೆರಳಿನಲ್ಲಿ! ಕಾಫಿ ಬೆಳೆಯುವವನಿಗೆ ನೆರಳು ಕಂಡರೆ ಪ್ರೀತಿ. ಗಿಡಕ್ಕೆ ಒಳ್ಳೆಯದಾದದ್ದು ಸೋಲಾರಿಗೂ ಒಳ್ಳೆಯದೆಂದು ತಲೆಯಲ್ಲೆಲ್ಲೋ ಕೂತಿರಬೇಕು. ವಾರವಾದರೂ ನೀರು ಉಗುರುಬೆಚ್ಚಗೂ ಆಗಲಿಲ್ಲ. ಅತ್ತಿಗೆ ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿ, "ಒಳ್ಳೆ ನೆರಳೈತೆ ಮಾರಾಯ, ಮುಂದಿನ ವರ್ಷ ಹೂ ಬಿಡಬೌದು" ಎಂದರು. ಅದನ್ನು ಬಿಸಿಲು ಬೀಳುವ ಹಿಂಬದಿಗೆ ಸರಿಸಿದ ಮೇಲೂ ಮೋಡ ಮುಸುಕಿದ ತಿಂಗಳುಗಳಲ್ಲಿ ಒಲೆಯೇ ಗತಿಯಾಯಿತು.

ಆಮೇಲೆ ಅತ್ತಿಗೆ ತಾವೇ ಒಲೆಯನ್ನು ಪರೀಕ್ಷೆ ಮಾಡಲು ಕೂತರು. ಬೆಂಕಿ ಹಾಕುವುದು, ಒಲೆಯ ಹೊರಗೋಡೆಗೆ ಅಂಗೈ ಒತ್ತಿ ನೋಡುವುದು, ಮತ್ತೆ ಬೆಂಕಿ ಹಾಕುವುದು. ನಾಲ್ಕನೇ ದಿನ ನನ್ನನ್ನು ಕೂಗಿದರು.

"ಇಲ್ಲಿ ಮುಟ್ಟು ನೋಡು. ಕಾಯ್ತಿರೋದು ಗೋಡೆ ಕಣೋ, ನೀರಲ್ಲ. ಇನ್ನರ್ಧ ಬೆಂಕಿ ಬಾಯಿಂದ ಆಚೆ ಬಂದು ನನ್ನ ಮುಖಕ್ಕೇ ಬಡೀತೈತೆ. ನಾನೇನು ಹಂಡೆನಾ?"

ಮರುದಿನವೇ ಒಲೆ ಒಡೆದರು. ಇಡೀ ದಿಮ್ಮಿ ನುಂಗುತ್ತಿದ್ದ ಬಾಯಿ ಒಂದು ಗೇಣಿಗೆ ಇಳಿಯಿತು. ಸೌದೆಯ ಅಡಿಯಲ್ಲಿ ಗಾಳಿಯಾಡಲು ಕಬ್ಬಿಣದ ಜಾಲರಿ ಬಂತು. ಬೆಂಕಿ ಸುತ್ತಿಕೊಂಡು ಹೋಗುವಂತೆ ಹಂಡೆಯ ಸುತ್ತ ಎರಡು ಬೆರಳಿನ ಸಂದು, ಅದರಾಚೆ ಭತ್ತದ ಹೊಟ್ಟು ಕಲಸಿದ ಮಣ್ಣಿನ ದಪ್ಪ ಗೋಡೆ, ಮಾಡಿನಿಂದ ಆಚೆಗೆ ಒಂದು ಕೊಳವೆ, ಹಂಡೆಗೆ ಹಲಸಿನ ಹಲಗೆಯ ಮುಚ್ಚಳ. ಮೊದಲ ಸಲ ಸಂದು ಕಿರಿದಾಗಿ ಹೊಗೆಯೆಲ್ಲ ಒಳಕ್ಕೇ ನುಗ್ಗಿತು. ಎರಡನೇ ಸಲ ಗೋಡೆ ಬಿರಿಯಿತು. ಅಣ್ಣ ಸಾಕು ಬಿಡು ಎಂದ. ಅತ್ತಿಗೆ ಕೆಮ್ಮುತ್ತಲೇ ಮೂರನೇ ಸಲ ಮಣ್ಣು ಕಲಸಿದರು.

ಮೂರನೆಯದು ಒಣಗಿದ ಮೇಲೆ ಒಂದು ಬೆಳಿಗ್ಗೆ, ತೋಟದಲ್ಲಿ ಗಿಡ ಸವರುವಾಗ ಕತ್ತರಿಸಿ ಬಿಸಾಡಿದ ಕಾಫಿ ಕಡ್ಡಿಗಳನ್ನಷ್ಟೇ ಇಟ್ಟು ಹಚ್ಚಿದರು. ಒಂದೇ ತಬ್ಬು ಕಡ್ಡಿಗೆ ಹಂಡೆ ಕುದಿಯಿತು. ಅಷ್ಟರಲ್ಲಿ ಎದುರು ದಿಬ್ಬದ ಪುಟ್ಟಣ್ಣ ಹಾಲಿನ ಕ್ಯಾನು ದಾರಿಯಲ್ಲೇ ಬಿಟ್ಟು ಏದುಸಿರು ಬಿಡುತ್ತ ಓಡಿಬಂದ.

"ಏನಾಗ್ಬುಡ್ತು ಅಕ್ಕಾ? ಬಚ್ಚಲಲ್ಲಿ ಹೊಗೇನೇ ಕಾಣ್ಲಿಲ್ಲ. ಯಾರಿಗೇನಾಯ್ತೋ ಅಂತ ಜೀವ ಬಾಯಿಗೆ ಬಂದ್ಬುಡ್ತು!"

ಸಾವಾದ ಮನೆಯ ಬಚ್ಚಲಲ್ಲಿ ಮಾತ್ರ ಬೆಳಿಗ್ಗೆ ಹೊಗೆ ಕಾಣುವುದಿಲ್ಲ ಎಂಬುದು ಊರಿನ ಲೆಕ್ಕ. ಅತ್ತಿಗೆ ನಗುತ್ತ ಅವನ ಕೈಗೆ ಬಿಸಿನೀರಿನ ತಂಬಿಗೆ ಕೊಟ್ಟರು. ಅವನು ಮುಖ ತೊಳೆದುಕೊಂಡು, ಒಲೆಯೊಳಗೆ ಬಗ್ಗಿ ನೋಡಿ, "ನಮ್ಮನೆಗೆ ಯಾವಾಗ ಬರ್ತೀರಿ?" ಎಂದು ಕೇಳಿದ.

ಮೊದಲು ಅವನ ಮನೆಯ ಒಲೆಯಾಯಿತು, ಆಮೇಲೆ ಊರಿನ ಇನ್ನೂ ಹಲವು ಮನೆಗಳದ್ದು. ಈಗ ಬೆಳಿಗ್ಗೆ ದಿಬ್ಬದ ಮೇಲೆ ನಿಂತರೆ ಹೊಗೆಯಿಲ್ಲದ ಮಾಡುಗಳು ಕಾಣುತ್ತವೆ, ಎಲ್ಲರೂ ಚೆನ್ನಾಗಿದ್ದಾರೆಂದು ತಿಳಿಯುತ್ತದೆ. ಅತ್ತಿಗೆ ಆ ದಿಬ್ಬವನ್ನು ಒಂದೇ ಉಸಿರಿಗೆ ಹತ್ತುತ್ತಾರೆ. ನನಗೆ ಅವರ ವಿಷಯದಲ್ಲಿ ಎಷ್ಟು ಹೆಮ್ಮೆಯೆಂದರೆ, ನಿನ್ನೆ ನೆಂಟರ ಮನೆಯಲ್ಲೂ ಊಟ ಮುಗಿಯುವವರೆಗೆ ಅದನ್ನೇ ಕೊಚ್ಚಿಕೊಂಡೆ.

ಟವೆಲ್ ಹಿಡಿದು ಇದನ್ನೆಲ್ಲ ನೆನೆಯುತ್ತಿದ್ದಾಗ ಅತ್ತಿಗೆ ಬಂದರು. ಅದನ್ನು ಕೈಯಿಂದ ಕಿತ್ತುಕೊಂಡು ಮೂಸಿದರು.

"ಅವರ ಮನೇಲಿ ಒಲೆ ಮುಂದೆ ಯಾರು ಕೂತಿದ್ರು?"

ಯೋಚಿಸಿದೆ. ನೀರು ಹದವಾಗಿತ್ತು, ಅದು ನೆನಪಿತ್ತು. ಊದುತ್ತಿದ್ದವರ ಮುಖ ನೆನಪಾಗಲಿಲ್ಲ. ಬಚ್ಚಲ ಗೋಡೆಯ ಆಚೆ ಯಾರೋ ಕೆಮ್ಮುತ್ತಿದ್ದರು, ಅಷ್ಟೇ. ಅದನ್ನೇ ಹೇಳಿದೆ. ನಾಚಿಕೆಯಾಯಿತು.

ಅತ್ತಿಗೆ ಬೈಯಲಿಲ್ಲ. ಮೂಲೆಯಲ್ಲಿದ್ದ ಜಾಲರಿಯೊಂದನ್ನು ಎತ್ತಿ ನನ್ನ ಕೈಗಿಟ್ಟರು. "ಜೀಪ್ ತೆಗಿ. ಹೊಟ್ಟಿನ ಚೀಲ ಮರೀಬೇಡ. ಈ ಸಲ ಮಣ್ಣು ನೀನೇ ತುಳೀಬೇಕು" ಎಂದರು.

ಟವೆಲ್ಲನ್ನು ಒಗೆಯಲು ಹಾಕಿ, ಜೀಪಿನ ಕೀಲಿ ಹುಡುಕಿದೆ.